'ಗಾಯವಿಲ್ಲ' ಎಂದ ಮೇಲೂ ಬರೆಯುವುದಿದೆ

ಪರೀಕ್ಷೆ ಮಾಡಿಕೊಡಿ ಎಂಬ ಪೊಲೀಸರ ಕೋರಿಕೆ ಪತ್ರ ಬಂದಿಲ್ಲ ಎಂಬ ಕಾರಣಕ್ಕೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿಡುವ ಅಭ್ಯಾಸ ಕೆಲವು ಆಸ್ಪತ್ರೆಗಳಲ್ಲಿ ಇನ್ನೂ ಹೋಗಿಲ್ಲ. ಆ ಪತ್ರಕ್ಕಾಗಿ ಕಾಯಬೇಕಾಗಿಯೇ ಇಲ್ಲ. ಆಸ್ಪತ್ರೆ ಸರ್ಕಾರದ್ದಿರಲಿ, ಖಾಸಗಿಯದ್ದಿರಲಿ, ಮೊದಲು ಉಚಿತ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸಬೇಕು. ಕ್ರಿಮಿನಲ್ ಕಾನೂನಿನ 2013ರ ತಿದ್ದುಪಡಿಯಲ್ಲಿ ಬಂದ ಈ ನಿಯಮ ಈಗ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್‌ನಲ್ಲಿದೆ.

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ತಜ್ಞೆ. ಹೆರಿಗೆ, ಸಿಸೇರಿಯನ್‌ಗಳ ನಡುವೆ ಈ ಎಂಎಲ್‌ಸಿಗಳೂ (ಪೊಲೀಸು, ಕೋರ್ಟಿಗೆ ಹೋಗುವ ವೈದ್ಯಕೀಯ ಪ್ರಕರಣಗಳು) ನನ್ನ ಪಾಲಿಗೆ ಬರುತ್ತವೆ. ಜೊತೆಗೆ ಬಂದ ಪೇದೆ ಹೆಣ್ಣುಮಗಳಾಗಿದ್ದರೂ ಅವರನ್ನು ಹೊರಗೆ ಕಳುಹಿಸಿಯೇ ಬಾಗಿಲು ಹಾಕುತ್ತೇನೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಬೇಗ ಕೊಟ್ಟಷ್ಟು ಒಳ್ಳೆಯದು. ಸಾಕ್ಷ್ಯದ ಗಡಿಬಿಡಿಯಲ್ಲಿ ಇವು ಮರೆತುಹೋಗಬಾರದೆಂದು ಸಿಸ್ಟರ್ ಕೈಯಲ್ಲಿ ಮೊದಲೇ ತರಿಸಿಟ್ಟುಕೊಳ್ಳುತ್ತೇನೆ.

ಆಮೇಲೆ ಒಪ್ಪಿಗೆ. ಚಿಕಿತ್ಸೆಗೆ ಬೇರೆ, ಪರೀಕ್ಷೆಗೆ ಬೇರೆ, ಮಾದರಿ ತೆಗೆಯುವುದಕ್ಕೆ ಬೇರೆ. 12 ವರ್ಷ ತುಂಬಿದ ಹುಡುಗಿಯ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕು. 'ಅವಳಿಗೇನು ಗೊತ್ತಾಗುತ್ತದೆ, ನಾನೇ ಹೇಳುತ್ತೇನೆ' ಎನ್ನುವ ಚಿಕ್ಕಪ್ಪಂದಿರು ಯಾವಾಗಲೂ ಒಬ್ಬರಿರುತ್ತಾರೆ. ಅವರಿಗೆ ಕುಡಿಯಲು ನೀರು ಕೊಟ್ಟು ಹೊರಗೆ ಕೂರಿಸುವುದು ನಮ್ಮ ಸಿಸ್ಟರ್‌ಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಬೇಡವೆಂದರೆ ಬೇಡವೆಂದೇ ದಾಖಲಿಸುತ್ತೇನೆ. ಅದಕ್ಕಾಗಿ ಚಿಕಿತ್ಸೆ ನಿಲ್ಲುವುದಿಲ್ಲ.

ಹಳ್ಳಿಯಿಂದ ಬಂದ ತಾಯಿಯೊಬ್ಬಳು ಮಗಳಿಗಿಂತ ಹೆಚ್ಚು ನಡುಗುತ್ತಿದ್ದಳು. "ಸ್ನಾನ ಮಾಡಿಸಿಬಿಟ್ಟೆ ಮೇಡಂ, ಬಟ್ಟೆಯನ್ನೂ ಒಗೆದು ಹಾಕಿದೆ. ಇನ್ನು ಕೇಸು ನಿಲ್ಲುವುದಿಲ್ಲವಂತೆ?" ಎಂದಳು. ಬರುವಾಗ ದಾರಿಯಲ್ಲಿ ಯಾರೋ ಹಾಗೆ ಹೆದರಿಸಿದ್ದರು. "ನಿಲ್ಲುತ್ತದಮ್ಮ. ಒಗೆದ ಬಟ್ಟೆಯನ್ನೂ ಪೊಲೀಸರಿಗೆ ಕೊಡಿ" ಎಂದೆ. ನಾವು ತುಂಬುವ ಪರೀಕ್ಷಾ ವರದಿಯ ನಮೂನೆಯಲ್ಲಿ ಸ್ನಾನ, ಮೂತ್ರ, ಬಟ್ಟೆ ಬದಲಾವಣೆ ಎಲ್ಲಕ್ಕೂ ಕಾಲಂ ಇದೆ. ಅದು ಸುಮ್ಮನೆ ಇಲ್ಲ. ಸ್ನಾನ ಆಗಿದೆ, ಘಟನೆ ನಡೆದು ಎರಡು ದಿನ ಕಳೆದಿದೆ, ಹುಡುಗಿ ಹೆದರಿ ಅಲುಗಾಡದೆ ಮಲಗಿದ್ದೆ ಎನ್ನುತ್ತಾಳೆ: ಇಷ್ಟನ್ನೂ ಅಲ್ಲಿ ಬರೆಯದೆ ಕೆಳಗೆ ಒಂದೇ ಸಾಲಿನಲ್ಲಿ 'ಗಾಯಗಳಿಲ್ಲ' ಎಂದು ಬರೆದು ಸಹಿ ಹಾಕಿದರೆ, ಆ ಸಾಲು ಆರೋಪಿಯ ವಕೀಲರಿಗೆ ಬಿಟ್ಟಿ ಸಿಕ್ಕ ಅಸ್ತ್ರ.

ಆದ್ದರಿಂದ ನನ್ನ ಅಭಿಪ್ರಾಯದ ಕಾಲಂ ಉದ್ದವಾಗಿರುತ್ತದೆ. ಗಾಯ ಏಕೆ ಇಲ್ಲದಿರಬಹುದು, ಮಾದರಿಯಲ್ಲಿ ವೀರ್ಯ ಏಕೆ ಸಿಗದಿರಬಹುದು ಎಂಬುದನ್ನು ಅಲ್ಲೇ ಬರೆಯುತ್ತೇನೆ. ಅತ್ಯಾಚಾರ ನಡೆದಿದೆ ಎಂದೂ ಬರೆಯುವುದಿಲ್ಲ, ನಡೆದಿಲ್ಲ ಎಂದೂ ಬರೆಯುವುದಿಲ್ಲ. ಅದು ಕಾನೂನಿನ ತೀರ್ಮಾನವೇ ಹೊರತು ರೋಗನಿರ್ಣಯವಲ್ಲ. ಅವಳು ಹೇಳಿದ್ದನ್ನು ಅವಳದೇ ಮಾತುಗಳಲ್ಲಿ ಉದ್ಧರಣ ಚಿಹ್ನೆಯೊಳಗೆ ಇಡುತ್ತೇನೆ. ನನ್ನ ಭಾಷೆಗೆ ತಿದ್ದುವುದಿಲ್ಲ.

ಮಾದರಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಘಟನೆ ನಡೆದು 96 ಗಂಟೆಯವರೆಗೂ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ತೆಗೆಯುವ ಮಾದರಿ) ತೆಗೆಯಬೇಕು. ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಬಟ್ಟೆಗಳನ್ನು ಒಂದೊಂದಾಗಿ ಕಾಗದದ ಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒದ್ದೆ ಬಟ್ಟೆ ಬೂಷ್ಟು ಹಿಡಿದು ಸಾಕ್ಷ್ಯವೇ ಹಾಳಾಗುತ್ತದೆ. ಅರಗು ಮುದ್ರೆ ಹಾಕಿ, ಪಡೆದ ಪೇದೆಯ ಹೆಸರು, ಸಂಖ್ಯೆ, ಸಮಯ ಬರೆಸಿಕೊಂಡ ಮೇಲೆಯೇ ಪೊಟ್ಟಣ ನನ್ನ ಕೈಬಿಡುತ್ತದೆ. ವರದಿಯ ಒಂದು ಪ್ರತಿ ಅವಳಿಗೂ ಉಚಿತವಾಗಿ ಸೇರಬೇಕು. ಅದನ್ನು ಕೇಳಿ ಪಡೆಯಬಹುದು ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ.

ನನಗೆ ಸಿಟ್ಟು ಬರುವುದು ಕೋರಿಕೆ ಪತ್ರದ ಒಂದು ಹಳೆಯ ಪ್ರಶ್ನೆಗೆ: 'ಈಕೆ ಸಂಭೋಗಕ್ಕೆ ಒಗ್ಗಿಕೊಂಡಿದ್ದಾಳೆಯೇ?' ಯಾವ ಕಾಲದ್ದೋ ಟೈಪು ಮಾಡಿಟ್ಟ ನಮೂನೆ, ತಾರೀಖು ಮಾತ್ರ ಬದಲಾಗುತ್ತದೆ. ಇದಕ್ಕೆ ಉತ್ತರ ಹುಡುಕಲು ಯೋನಿಯೊಳಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಖಾಸಗಿತನಕ್ಕೂ ಘನತೆಗೂ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತು. 2022ರ ಅಕ್ಟೋಬರ್‌ನಲ್ಲಿ, ಅದನ್ನು ಮಾಡುವವರು ದುರ್ನಡತೆಯ ಅಪರಾಧಿಗಳು ಎಂದೇ ಘೋಷಿಸಿತು. ನಾನು ಆ ಪ್ರಶ್ನೆಯ ಮುಂದೆ 'ಪರೀಕ್ಷಿಸಿಲ್ಲ. ಈ ಪ್ರಕರಣಕ್ಕೆ ಸಂಬಂಧವಿಲ್ಲದ ಪ್ರಶ್ನೆ' ಎಂದು ಬರೆದು ಕಳುಹಿಸುತ್ತೇನೆ. ಒಮ್ಮೆ ಠಾಣೆಯಿಂದ ಫೋನ್ ಬಂತು: "ಮೇಡಂ, ಆ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಮೇಲಿನವರು ಕೇಳುತ್ತಾರೆ." ತೀರ್ಪಿನ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಮತ್ತೆ ಫೋನ್ ಬರಲಿಲ್ಲ.

ಸಮನ್ಸ್ ಬರುವ ಹೊತ್ತಿಗೆ ಎಷ್ಟೋ ಸಲ ನನಗೆ ವರ್ಗವಾಗಿರುತ್ತದೆ, ಆ ಹುಡುಗಿಯ ಮುಖವೂ ಮಸುಕಾಗಿರುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕೆನ್ನುತ್ತದೆ. ಆ 'ಸಾಧ್ಯವಾದಷ್ಟು' ಬಹಳ ಹಿಗ್ಗುತ್ತದೆ. ಕಟಕಟೆಯಲ್ಲಿ ನನಗೆ ಆಸರೆ ಆ ಉದ್ದನೆಯ ಕಾಲಂ ಒಂದೇ. ಪಾಟಿಸವಾಲಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. "ಸೈಕಲ್ ತುಳಿದರೂ ಹೀಗಾಗಬಹುದಲ್ಲವೇ ಡಾಕ್ಟರೇ?" "ಗಾಯವೇ ಇಲ್ಲವೆಂದರೆ ಏನೂ ನಡೆದಿಲ್ಲ ಎಂದಾಯಿತಲ್ಲವೇ?" ಎರಡನೆಯದಕ್ಕೆ ಬರೀ 'ಇಲ್ಲ' ಎಂದು ನಿಲ್ಲಿಸುವುದಿಲ್ಲ, ವರದಿಯ ಕಾರಣಗಳನ್ನು ಓದಿ ಹೇಳುತ್ತೇನೆ. ಉತ್ತರ ಹೌದು, ಇಲ್ಲ ಎಂಬುದರಲ್ಲೇ ಇರಲಿ ಎಂದು ವಕೀಲರು ಒತ್ತಾಯಿಸಿದರೆ ನ್ಯಾಯಾಧೀಶರತ್ತ ತಿರುಗಿ ವಿವರಣೆಗೆ ಅನುಮತಿ ಕೇಳುತ್ತೇನೆ. ಸಾಮಾನ್ಯವಾಗಿ ಕೊಡುತ್ತಾರೆ.

ಕೊನೆಗೆ ಟೈಪಾದ ಹೇಳಿಕೆಯನ್ನು ಸಹಿಗೆ ಮುಂದಿಡುತ್ತಾರೆ. ಊಟದ ಹೊತ್ತು, ಎಲ್ಲರಿಗೂ ಅವಸರ. ನಾನು ಪ್ರತಿ ಸಾಲು ಓದುತ್ತೇನೆ. 'ಗಾಯಗಳು ಇರಲಿಲ್ಲ ಎಂಬುದು ನಿಜ' ಎಂಬುದು ಟೈಪಾಗಿದ್ದು, ಅದರ ಬೆನ್ನಿಗೇ ನಾನು ಹೇಳಿದ ಕಾರಣಗಳು ಬಿಟ್ಟುಹೋಗಿದ್ದರೆ, ಅವನ್ನು ಸೇರಿಸಿಸಿದ ಮೇಲೆಯೇ ಸಹಿ.