ಕೈಗಡಿಯಾರ ಮೊತ್ತ ಬರೆಯುತ್ತದೆ, ಬಾಬ್ತು ನಾವು ಬರೆಯಬೇಕು

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಹಮಾಲರಿಗೆ ನಾನು ‘ರೈಟರು’. ಮನೆ ಮೈಸೂರಿನಲ್ಲಿ, ಓಡಾಟ ರೈಲಿನಲ್ಲಿ. ಕಳೆದ ಯುಗಾದಿಗೆ ಮಗಳು ಒಂದು ಸ್ಮಾರ್ಟ್ ವಾಚ್ ತಂದು ಕೈಗೆ ಕಟ್ಟಿ, “ಅಪ್ಪಾಜಿ, ನಿಮ್ಮ ಒತ್ತಡ ಎಷ್ಟಿದೆ ಎಂದು ಇದು ಹೇಳುತ್ತದೆ” ಎಂದಳು. ಮರುದಿನ ಹನ್ನೊಂದು ಗಂಟೆಗೆ, ಅಚ್ಚು ಬೆಲ್ಲದ ಹರಾಜು ಕೂಗುತ್ತಿರುವಾಗ, ನೋಡುತ್ತೇನೆ: 83. ಕಿತ್ತಳೆ ಬಣ್ಣ. ನೋಡಿದ ಗಾಬರಿಗೆ ಅದು 88 ಆಯಿತು.

ಅದೇ ವಾರ ತಂಗಿಯ ಮೊಮ್ಮಗುವಿನ ನಾಮಕರಣ. ಮಗುವನ್ನು ಎತ್ತಿಕೊಂಡು ಕುಳಿತಿದ್ದೇನೆ, ಮನಸ್ಸು ಹಗುರಾಗಿದೆ, ವಾಚ್ ಮಾತ್ರ 79 ಎನ್ನುತ್ತಿದೆ. ಆಗ ಅನುಮಾನ ಬಂತು. ಇದು ಅಳೆಯುತ್ತಿರುವುದು ಏನನ್ನು?

ವಾಚನ್ನು ಕಳಚಿ ಹಿಂಬದಿ ನೋಡಿ. ಹಸಿರು ದೀಪಗಳು ಮಿನುಗುತ್ತಿರುತ್ತವೆ. ರಕ್ತಕ್ಕೆ ಹಸಿರು ಬೆಳಕನ್ನು ಹೀರುವ ಗುಣವಿದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ತುಂಬಿ ಬರುತ್ತದೆ, ಚರ್ಮದಿಂದ ಮರಳುವ ಬೆಳಕು ತುಸು ತಗ್ಗುತ್ತದೆ. ರಕ್ತ ಸರಿದಾಗ ಬೆಳಕು ಮತ್ತೆ ಏರುತ್ತದೆ. ದೀಪದ ಪಕ್ಕದ ಸಂವೇದಕ ಈ ಏರಿಳಿತವನ್ನು ಹಿಡಿಯುತ್ತದೆ. ಅದಕ್ಕೆ ಸಿಗುವ ಕಚ್ಚಾ ಮಾಲು ಇಷ್ಟೇ. ನಿಮ್ಮ ಸಾಲ, ಸೊಸೆ, ಸಾಹುಕಾರ ಯಾರೂ ಅದಕ್ಕೆ ಗೊತ್ತಿಲ್ಲ. ಒತ್ತಡದಲ್ಲಿ ರಕ್ತಕ್ಕೆ ಸೇರುವ ಕಾರ್ಟಿಸಾಲ್ ಕೂಡ ಆ ಹಸಿರು ದೀಪಕ್ಕೆ ಕಾಣುವುದಿಲ್ಲ.

ಹಾಗಾದರೆ ಒತ್ತಡದ ಅಂಕಿ ಎಲ್ಲಿಂದ ಬಂತು? ಎರಡು ಬಡಿತಗಳ ನಡುವಿನ ಬಿಡುವಿನಿಂದ. ನಿಮಿಷಕ್ಕೆ 60 ಬಡಿತ ಎಂದರೆ ಸೆಕೆಂಡಿಗೊಂದರಂತೆ ಗಡಿಯಾರದ ಮುಳ್ಳಿನ ಹಾಗೆ ಬಡಿಯುತ್ತದೆ ಎಂದುಕೊಂಡಿದ್ದೆ. ಅಲ್ಲ. ನೆಮ್ಮದಿಯಾಗಿರುವ ಹೃದಯ ಸ್ವಲ್ಪ ತಾಳ ತಪ್ಪುತ್ತಲೇ ಇರುತ್ತದೆ. ಉಸಿರು ಎಳೆದುಕೊಂಡಾಗ ಬೇಗ, ಬಿಟ್ಟಾಗ ನಿಧಾನ. ಜರ್ಮನಿಯ ಕಾರ್ಲ್ ಲುಡ್ವಿಗ್ ಇದನ್ನು 1847ರಲ್ಲೇ ನಾಯಿಗಳ ಮೇಲೆ ದಾಖಲಿಸಿದ್ದರು. ನಮ್ಮ ಅಪ್ಪಣೆಗೆ ಕಾಯದೆ ಕೆಲಸ ಮಾಡುವ ನರವ್ಯೂಹದಲ್ಲಿ ಎರಡು ಭಾಗಗಳಿವೆ: ಸಿಂಪಥೆಟಿಕ್ ಮತ್ತು ಪ್ಯಾರಾಸಿಂಪಥೆಟಿಕ್. ಗಾಡಿಯ ಎತ್ತಿಗೆ ಹೋಲಿಸಿದರೆ ಒಂದು ಚಾವಟಿ, ಇನ್ನೊಂದು ಮೂಗುದಾರ. ಮೂಗುದಾರದ ಕೆಲಸ ವೇಗಸ್ ಎಂಬ ನರದ್ದು. ಉಸಿರಿನ ಜೊತೆ ಅದು ಹಗ್ಗವನ್ನು ಬಿಗಿಮಾಡಿ ಸಡಿಲಿಸುತ್ತಿರುತ್ತದೆ. ಒತ್ತಡ ಬಂದಾಗ ಮೂಗುದಾರ ಜಾರಿ ಚಾವಟಿಯ ಕೈ ಮೇಲಾಗುತ್ತದೆ. ಹೃದಯ ಒಂದೇ ಸಮನೆ ಓಡುತ್ತದೆ.

ನನಗೆ ಲೆಕ್ಕ ಹಾಕದೆ ನಂಬಿಕೆ ಬರುವುದಿಲ್ಲ, ಆದ್ದರಿಂದ ಕಾಗದ ತೆಗೆದುಕೊಂಡು ಕುಳಿತೆ. ಸುಲಭಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳಿವು. ನಾಲ್ಕು ಬಿಡುವುಗಳು 950, 1010, 970, 1030 ಮಿಲಿಸೆಕೆಂಡ್ ಇದ್ದವೆನ್ನಿ. ಅಕ್ಕಪಕ್ಕದವುಗಳ ವ್ಯತ್ಯಾಸ 60, 40, 60. ವರ್ಗ ಮಾಡಿದರೆ 3600, 1600, 3600, ಕೂಡಿದರೆ 8800. ಮೂರರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 54. ಈಗ ಒತ್ತಡದ ಹೃದಯ: 700, 710, 705, 712. ವ್ಯತ್ಯಾಸ 10, 5, 7. ಅದೇ ಲೆಕ್ಕದಲ್ಲಿ ಬರುವುದು ಎಂಟಕ್ಕೂ ಕಡಿಮೆ. ಈ ಲೆಕ್ಕಕ್ಕೆ ಆರ್‌ಎಂಎಸ್‌ಎಸ್‌ಡಿ ಎಂದು ಹೆಸರು. 1996ರಲ್ಲಿ ಯುರೋಪ್ ಮತ್ತು ಅಮೆರಿಕದ ಹೃದಯತಜ್ಞರು ಕೂಡಿ ಹೊರಡಿಸಿದ ಮಾನದಂಡದಲ್ಲಿ ಇದೂ ಇದೆ. ಆ್ಯಪ್‌ನಲ್ಲಿ ‘ಎಚ್‌ಆರ್‌ವಿ’ ಎಂದು ಕಾಣುವುದು ಸಾಮಾನ್ಯವಾಗಿ ಇಂಥದೇ ಒಂದು ಅಂಕಿ. ಅದು ಇಳಿದಷ್ಟೂ ಒತ್ತಡದ ಅಂಕಿ ಏರುತ್ತದೆ.

ನಿಮ್ಮ ವಾಚ್ ಈ ಬಿಡುವಿನ ಏರಿಳಿತವನ್ನು ಮಿಲಿಸೆಕೆಂಡಿನಲ್ಲಿ ಎಲ್ಲಿಯೂ ತೋರಿಸದೆ, ಸುಮ್ಮನೆ ನಗುಮುಖ ಅಳುಮುಖ ತೋರಿಸುತ್ತಿದ್ದರೆ ಅದನ್ನು ಸಮಯ ನೋಡಲು ಬಳಸಿಕೊಳ್ಳಿ.

ಇನ್ನೊಂದು ಎಚ್ಚರ. ಗಾರ್ಮಿನ್ ಕಂಪನಿಯ ವಾಚ್‌ಗಳಲ್ಲಿ 0ಯಿಂದ 25 ವಿಶ್ರಾಂತಿ, 26ರಿಂದ 50 ಕಡಿಮೆ ಒತ್ತಡ, 51ರಿಂದ 75 ಮಧ್ಯಮ, 76ರಿಂದ 100 ಹೆಚ್ಚು. ಫಿಟ್‌ಬಿಟ್‌ನ ಒತ್ತಡ ನಿರ್ವಹಣೆಯ ಅಂಕದಲ್ಲಿ ಇದು ತಿರುವುಮುರುವು: ಅಂಕ ಹೆಚ್ಚಿದಷ್ಟೂ ಒತ್ತಡದ ಲಕ್ಷಣ ಕಡಿಮೆ. ಆಪಲ್‌ನ ಆರೋಗ್ಯ ಆ್ಯಪ್ ಎಚ್‌ಆರ್‌ವಿ ತೋರಿಸುವುದು ಬೇರೊಂದು ಸೂತ್ರದಲ್ಲಿ. ಆದ್ದರಿಂದ ರೈಲಿನಲ್ಲಿ ಪಕ್ಕದವರ ಕೈ ನೋಡಿ ನಿಮ್ಮದನ್ನು ಹೋಲಿಸಬೇಡಿ. ಸೇರನ್ನು ಕಿಲೋ ಜೊತೆ ತೂಗಿದ ಹಾಗಾಗುತ್ತದೆ. ವಾಚ್ ಒಂದೇ ಆಗಿದ್ದರೂ ಹೋಲಿಸಬೇಡಿ. ನನ್ನ ರಾತ್ರಿಯ ಎಚ್‌ಆರ್‌ವಿ ಸರಾಸರಿ 24 ಮಿಲಿಸೆಕೆಂಡ್, ಮಗಳದು 61. ವಯಸ್ಸಾದಂತೆ ಇದು ಇಳಿಯುವುದು ಸಹಜ. ಒಂದೇ ವಯಸ್ಸಿನವರಲ್ಲೂ ಅಜಗಜಾಂತರ ಇರುತ್ತದೆ.

ಕಟ್ಟಿಕೊಳ್ಳುವ ಬಗೆ. ಮಣಿಕಟ್ಟಿನ ಮೂಳೆಯ ಮೇಲಲ್ಲ, ಅದರಿಂದ ಒಂದು ಬೆರಳು ಮೊಣಕೈ ಕಡೆಗೆ. ಬೆಳಕು ನುಸುಳದಷ್ಟು ಬಿಗಿ, ಗುರುತು ಬೀಳದಷ್ಟು ಸಡಿಲ. ಬಳೆಯ ಹಾಗೆ ಜಾರುತ್ತಿದ್ದರೆ ಬರುವುದೆಲ್ಲ ಸುಳ್ಳು ಲೆಕ್ಕ. ಹಚ್ಚೆಯ ಮೇಲೆ ಕಟ್ಟಬೇಡಿ. ಬೆಳಕನ್ನು ಶಾಯಿಯೇ ನುಂಗುತ್ತದೆ. ಧನುರ್ಮಾಸದ ಮುಂಜಾನೆ ಕೈ ತಣ್ಣಗಾದಾಗಲೂ ಚರ್ಮಕ್ಕೆ ರಕ್ತ ಕಡಿಮೆಯಾಗಿ ಅದು ತಡವರಿಸುತ್ತದೆ. ಬೆವರು, ಬೆಲ್ಲದ ಅಂಟು ಒರೆಸಿ. ಚಾರ್ಜಿಗೆ ಹಾಕುವುದು ಸ್ನಾನದ ಹೊತ್ತಿಗೆ ಇರಲಿ, ರಾತ್ರಿಗೆ ಬೇಡ. ಏಕೆಂದರೆ ಇಡೀ ದಿನದಲ್ಲಿ ನಂಬಬಹುದಾದ ಅಳತೆ ನಿದ್ದೆಯದು: ಕೈ ಅಲುಗುವುದಿಲ್ಲ, ಮಾತಿಲ್ಲ, ಕಾಫಿ ಇಲ್ಲ.

ಮೊದಲ ಮೂರು ವಾರ ಅಂಕಿಯನ್ನು ನೋಡಲೇಬೇಡಿ. ವಾಚ್ ನಿಮ್ಮ ಮಾಮೂಲು ಯಾವುದೆಂದು ಕಲಿಯುತ್ತಿರುತ್ತದೆ. ಆಮೇಲೂ ದಿನಕ್ಕೊಮ್ಮೆ, ಬೆಳಿಗ್ಗೆ ಮಾತ್ರ ನೋಡಿ. ಗಳಿಗೆಗೊಮ್ಮೆ ನೋಡಿದರೆ ನನ್ನ 83 ಹೇಗೆ 88 ಆಯಿತೋ ಹಾಗೇ ಆಗುತ್ತದೆ.

ಈಗ ಮುಖ್ಯ ಕೆಲಸ. ಯಾವ ಕಿರ್ದಿಯಲ್ಲೂ ಬರೀ ಮೊತ್ತ ಬರೆದರೆ ಆಡಿಟರು ಪುಸ್ತಕ ಎಸೆಯುತ್ತಾರೆ. ಇಂಥ ಬಾಬ್ತು ಎಂದು ಬರೆಯಲೇಬೇಕು. ವಾಚಿಗೆ ಮೊತ್ತ ಗೊತ್ತು, ಬಾಬ್ತು ಗೊತ್ತಿಲ್ಲ. ಹೆದರಿಕೆ, ಹಿಗ್ಗು, ಜ್ವರ, ಅಜೀರ್ಣ, ನಾಲ್ಕನೇ ಲೋಟ ಕಾಫಿ, ಎಲ್ಲವೂ ಅದಕ್ಕೆ ಒಂದೇ ಖಾತೆ. ಹತ್ತು ರೂಪಾಯಿಯ ಸಣ್ಣ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಳ್ಳಿ. ನನ್ನದರಲ್ಲಿ ಹೀಗಿದೆ: ‘ಮಂಗಳವಾರ. ರಾತ್ರಿ 24. ಮಾಮೂಲು.’ ‘ಗುರುವಾರ. 17. ಮದ್ದೂರಿನ ಮದುವೆ, ಹತ್ತೂವರೆಗೆ ಊಟ, ಎರಡು ಹೋಳಿಗೆ.’ ಆ ರಾತ್ರಿ ವಾಚಿನ ಒತ್ತಡದ ಗೆರೆ ನೋಡಿದರೆ ಎರಡು ಗಂಟೆಯವರೆಗೂ ಕಿತ್ತಳೆ ಬಣ್ಣವೇ. ನಾನು ನಿದ್ದೆ ಹೋಗಿದ್ದೆ, ಹೊಟ್ಟೆ ದುಡಿಯುತ್ತಿತ್ತು. ಇನ್ನೊಂದು: ‘ಭಾನುವಾರ. 13. ಬಾಬ್ತು ತಿಳಿಯದು.’ ಸೋಮವಾರ ಸಂಜೆ ಮೈ ಬಿಸಿಯಾಗಿ ಮೂರು ದಿನ ಮಲಗಿದೆ. ಜ್ವರಕ್ಕೆ ಮೈ ಒಂದು ದಿನ ಮುಂಚೆಯೇ ಸಜ್ಜಾಗುತ್ತಿತ್ತು ಎಂದು ನನ್ನ ಊಹೆ. ಒಂದು ದಿನದ ಇಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಾರವಿಡೀ ಮಾಮೂಲಿಗಿಂತ ಕೆಳಗಿದ್ದರೆ ಬಾಬ್ತಿನ ಕಾಲಂ ತಿರುವಿ ನೋಡಿ.

ವಾಚ್ ಬರೆಯದೇ ಬಿಡುವುದೂ ಉಂಟು. ಆಷಾಢದಲ್ಲಿ ಅಣ್ಣನಿಗೂ ನನಗೂ ಜಮೀನಿನ ಭಾಗದ ವಿಚಾರಕ್ಕೆ ಮಾತಿಗೆ ಮಾತು ಬೆಳೆಯಿತು. ಫೋನ್ ಇಟ್ಟವನೇ ಕುಕ್ಕರಹಳ್ಳಿ ಕೆರೆಗೆ ಹೋಗಿ ಒಂದೂವರೆ ಗಂಟೆ ಬಿರುಸಾಗಿ ನಡೆದೆ. ಬಾಯಲ್ಲಿ ಅಣ್ಣನಿಗೆ ಹೇಳದೆ ಬಿಟ್ಟ ಉತ್ತರಗಳೇ. ಪಕ್ಕದಲ್ಲಿ ಬಂದವರೊಬ್ಬರು ನಮಸ್ಕಾರ ಎಂದದ್ದಕ್ಕೆ “ಪತ್ರ ತೋರಿಸು” ಎಂದುಬಿಟ್ಟೆ. ರಾತ್ರಿ ನೋಡಿದರೆ ಆ ಒಂದೂವರೆ ಗಂಟೆಯ ಒತ್ತಡದ ಗೆರೆ ಖಾಲಿ. ವ್ಯಾಯಾಮ ಎಂದು ಬರೆದುಕೊಂಡು, ಒಳ್ಳೆಯ ಕೆಲಸ ಮಾಡಿದಿರಿ ಎಂದು ಬೆನ್ನು ತಟ್ಟಿತ್ತು. ನಡೆಯುವಾಗ ಬಡಿತ ಏರುವುದು ಕಾಲಿನ ಕೆಲಸಕ್ಕೋ ಮನಸ್ಸಿನ ಕುದಿತಕ್ಕೋ ಅದಕ್ಕೆ ಬೇರ್ಪಡಿಸಲಾಗದು. ಹಾಗಾಗಿ ಇಂಥ ವಾಚ್‌ಗಳು ಆ ಹೊತ್ತನ್ನು ಬಿಟ್ಟುಬಿಡುತ್ತವೆ. ಅಂಥ ಖಾಲಿ ಜಾಗವನ್ನು ನೀವೇ ತುಂಬಿ. ಆ ದಿನದ ಪುಟದಲ್ಲಿ ‘ಅಣ್ಣ’ ಎಂದಷ್ಟೇ ಬರೆದಿದ್ದೇನೆ.

ಕೆಲವು ವಾಚ್‌ಗಳು ಬೆವರನ್ನೂ ಅಳೆಯುತ್ತವೆ. 2020ರಲ್ಲಿ ಬಂದ ಫಿಟ್‌ಬಿಟ್ ಸೆನ್ಸ್‌ನಲ್ಲಿ ಲೋಹದ ಅಂಚಿನ ಮೇಲೆ ಅಂಗೈ ಮುಚ್ಚಿ ಕುಳಿತರೆ ಚರ್ಮದಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡುತ್ತದೆ. ಗಾಬರಿಗೆ ಬೆವರಿದರೆ ಹರಿವು ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಕೂರುವವರಿಗೆ ಇದರಿಂದ ಪ್ರಯೋಜನ ಅಷ್ಟಕ್ಕಷ್ಟೇ.

ಒತ್ತಡದ ಅಂಕಿ ಏರಿದಾಗ ಅಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಐದು ಎಣಿಸುವಷ್ಟು ಉಸಿರು ಎಳೆದುಕೊಳ್ಳಿ, ಐದು ಎಣಿಸುವಷ್ಟು ಬಿಡಿ. ನಿಮಿಷಕ್ಕೆ ಆರು ಉಸಿರಾಯಿತು. ಐದು ನಿಮಿಷ ಮಾಡಿ. ಮೂಗುದಾರ ಉಸಿರಿನ ಜೊತೆ ಆಡುತ್ತದೆ ಎಂದೆನಲ್ಲ, ನಿಧಾನದ ಉಸಿರಿಗೆ ಆ ಆಟ ದೊಡ್ಡದಾಗಿ ಕಾಣುತ್ತದೆ. ನಾನು ಸಂಜೆಯ ರೈಲಿನಲ್ಲಿ ಸೀಟು ಸಿಕ್ಕಿದರೆ ಪಾಂಡವಪುರ ದಾಟಿದ ಮೇಲೆ ಶುರುಮಾಡುತ್ತೇನೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಬರುವ ಹೊತ್ತಿಗೆ 60ರಲ್ಲಿದ್ದದ್ದು 40ಕ್ಕೆ ಇಳಿದಿರುತ್ತದೆ. ಇಳಿಯದ ದಿನಗಳೂ ಇವೆ.

ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಬಡಿತವೇ ಅಡ್ಡಾದಿಡ್ಡಿಯಾಗುವ ಕಾಯಿಲೆ ಇರುವವರು ಈ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾಯಿಲೆಯ ಅಡ್ಡಾದಿಡ್ಡಿ ಬಡಿತವನ್ನೇ ವಾಚ್ ನೆಮ್ಮದಿ ಎಂದು ಓದಿಬಿಡಬಹುದು. ಎದೆನೋವು, ತಲೆಸುತ್ತು, ಉಸಿರು ಕಟ್ಟುವುದು ಇದ್ದರೆ ವಾಚ್ ನೀಲಿ ಬಣ್ಣ ತೋರಿಸುತ್ತಿದ್ದರೂ ಆಸ್ಪತ್ರೆಗೆ ಹೊರಡಿ.

ದೀಪಾವಳಿ ಕಳೆದ ಮೇಲೆ ನಿದ್ದೆ ಸರಿ ಬರುತ್ತಿಲ್ಲವೆಂದು ನಮ್ಮ ಬೀದಿಯ ವೈದ್ಯರ ಬಳಿ ಹೋದೆ. ಮೊಬೈಲಿನ ಗ್ರಾಫ್ ಮುಂದೆ ಹಿಡಿದರೆ ಅವರು ಕಣ್ಣು ಹಾಯಿಸಲೂ ಇಲ್ಲ. ನೋಟ್‌ಬುಕ್ ತೆಗೆದುಕೊಂಡು ಬಾಬ್ತಿನ ಕಾಲಮ್ಮಿನ ಮೇಲೆ ಪೆನ್ನು ಇಳಿಸುತ್ತಾ ಹೋದರು. “ಸಂಜೆ ಐದರ ಕಾಫಿ ಇದ್ದ ರಾತ್ರಿಗಳೆಲ್ಲ ಇಪ್ಪತ್ತರ ಒಳಗೇ ಇವೆಯಲ್ಲ, ನೀವೇ ಬರೆದಿದ್ದೀರಿ” ಎಂದರು. ಕಾಫಿ ಬಿಟ್ಟು ಏಳು ವಾರವಾಯಿತು. ರಾತ್ರಿಯ ಸರಾಸರಿ 24 ಇದ್ದದ್ದು 27 ಆಗಿದೆ. ಮೂರು ಮಿಲಿಸೆಕೆಂಡ್ ಜಮಾ, ದಿನಕ್ಕೊಂದು ಲೋಟ ಫಿಲ್ಟರ್ ಕಾಫಿ ಖರ್ಚು. ಈ ಲೆಕ್ಕ ನನಗೆ ಇನ್ನೂ ತಾಳೆಯಾಗಿಲ್ಲ.