ಗುಜರಿ ಗಾಳಿ ಮಷಿನ್ನನ್ನು ಪಡಸಾಲೆಗೆ ತರುವುದು ಹೇಗೆ?

ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಡುಗುಡುಗು ಅನ್ನುತ್ತಿದ್ದ ಸಣ್ಣ ಗಾಳಿ ಮಷಿನ್ನು ನೆನಪಿದೆಯಾ? ದಪ್ಪ ಪುಲ್ಲಿ, ಎಣ್ಣೆ ಕುಡಿದ ಬೆಲ್ಟು, ಗಾಜು ಮಸುಕಾದ ಮೀಟರು. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಅಂಥದ್ದು ನನಗೆ ತೂಕದ ಲೆಕ್ಕದಲ್ಲಿ ಸಿಕ್ಕಿತು. ಎರಡು ತಿಂಗಳು ಕೂತು ಚೊಕ್ಕ ಮಾಡಿದೆ. ಓಡಿಸಲಿಕ್ಕಲ್ಲ, ನೋಡಲಿಕ್ಕೆ.

ಮೊದಲು ಟ್ಯಾಂಕಿನ ತಳದ ಡ್ರೇನ್ ಕಾಕ್ ನಿಧಾನಕ್ಕೆ ತಿರುಗಿಸಿ. ಗಾಳಿ ಉಳಿದಿದ್ದರೆ ಹೋಗಲಿ. ನನ್ನದರಲ್ಲಿ ಬಂದದ್ದು ಚಹಾ ಬಣ್ಣದ ನೀರು. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಟ್ಯಾಂಕಿನಲ್ಲಿ ಆರಿದಾಗ ಅದರೊಳಗಿನ ತೇವ ನೀರಾಗಿ ತಳಕ್ಕಿಳಿಯುತ್ತದೆ. ಆ ನೀರು ಬಿಡದೇ ಹೋದರೆ ಒಳಗೆ ಜಂಗು ಹಿಡಿದು ತಗಡು ತೆಳ್ಳಗಾಗುತ್ತದೆ. ಹೊರಗೆ ಪೇಂಟು ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತದೆ! ಹಾಗಾಗಿ ಹಳೇ ಟ್ಯಾಂಕಿಗೆ ಗಾಳಿ ತುಂಬಲೇಬೇಡಿ. 'ಸುಮ್ನೆ ಒಂದ್ಸಲ' ಅಂತಲೂ ಬೇಡ. ಸಿಡಿದರೆ ಜೀವಕ್ಕೇ ಅಪಾಯ. ಪೂರ್ತಿ ಖಾಲಿಯಾದ ಮೇಲೆ ಕಾಣದ ಕಡೆ 10 ಮಿಲಿಮೀಟರ್ ತೂತು ಹೊಡೆಸಿಬಿಡಿ. ಮುಂದೆ ಯಾರ ಕೈ ಸೇರಿದರೂ ತುಂಬಲು ಆಗಬಾರದು. ಮೋಟಾರಿನ ವೈರನ್ನೂ ಕತ್ತರಿಸಿ.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ನೆನಪಿರುತ್ತೆ ಅಂದುಕೊಳ್ಳಬೇಡಿ, ಇರೋದಿಲ್ಲ.

ಪಿಸ್ಟನ್ ಜಾಮ್ ಆಗಿದ್ದರೆ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ ಬಿಚ್ಚಿ, ಸಿಲಿಂಡರಿಗೆ ಚಿಮಣಿ ಎಣ್ಣೆ ಇಲ್ಲವೇ ಡೀಸೆಲ್ ಹಾಕಿ ಮೂರು ದಿನ ಬಿಡಿ. ಆಮೇಲೆ ಪುಲ್ಲಿ ಹಿಡಿದು ಹಿಂದೆ ಮುಂದೆ ಸ್ವಲ್ಪಸ್ವಲ್ಪ ಅಲ್ಲಾಡಿಸಿ. ನಾನು ಎರಡನೇ ದಿನಕ್ಕೇ ತಾಳ್ಮೆ ಕಳೆದುಕೊಂಡು ಸುತ್ತಿಗೆ ಎತ್ತಿದೆ. ಬೀಡು ಕಬ್ಬಿಣ ನೋಡಿ, ಏಟು ತಪ್ಪಿ ಸಿಲಿಂಡರಿನ ಸುತ್ತ ಬಿಸಿ ಆರಿಸಲು ಇರುವ ರೆಕ್ಕೆಗಳಲ್ಲಿ (ಫಿನ್) ಒಂದು ಟಣ್ ಅಂತ ಮುರಿದು ಬಿತ್ತು. ಆ ಬೋಳು ಜಾಗ ಈಗಲೂ ಹಾಗೇ ಇದೆ. ತಟ್ಟಲೇಬೇಕು ಅಂದರೆ ಕಟ್ಟಿಗೆ ತುಂಡು ಇಟ್ಟು ತಟ್ಟಿ.

ಹೆಡ್ಡಿನಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿಗಳಿರುತ್ತವೆ. ಅವೇ ವಾಲ್ವ್. ಪಿಸ್ಟನ್ ಇಳಿದಾಗ ಒಂದು ತೆರೆದು ಗಾಳಿ ಒಳಗೆ, ಏರಿದಾಗ ಇನ್ನೊಂದು ತೆರೆದು ಹೊರಗೆ. ಅವನ್ನು ಪಾಲಿಶ್ ಪೇಪರಿನಿಂದ ಉಜ್ಜಬೇಡಿ, ಬ್ರಷ್ಷಿನಿಂದ ತೊಳೆದರೆ ಸಾಕು. ಹೆಡ್ಡಿನ ಸಂದಿಯಲ್ಲಿ ಗಾಳಿ ಸೋರದಂತೆ ಇಟ್ಟಿರುವ ಹಳೇ ಪ್ಯಾಕಿಂಗ್ ಹರಿದೇ ಹೋಗುತ್ತದೆ, ಹೊಸದು ಕತ್ತರಿಸಿಕೊಳ್ಳಿ.

ಹೊರಗಿನ ಜಂಗಿಗೆ ತಂತಿ ಬ್ರಷ್, ಆಮೇಲೆ 120, 220, 400 ನಂಬರ್ ಪೇಪರ್. ಮೊದಲಿದ್ದ ಬಣ್ಣ ಯಾವುದು ಅಂತ ಮೋಟಾರಿನ ಕಾಲಿನ ಕೆಳಗೆ ನೋಡಿ, ಅಲ್ಲಿ ಬಿಸಿಲು ಬಿದ್ದಿರುವುದಿಲ್ಲ. ಜಂಗು ತಡೆಯಲು ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ತೆಳುವಾಗಿ ಎರಡು ಕೋಟ್ ಎನಾಮೆಲ್. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಬೇಡ, ಪೇಂಟು ಆರುವುದೇ ಇಲ್ಲ. ಹಿತ್ತಾಳೆಯ ಹೆಸರಿನ ಪಟ್ಟಿಗೆ ಹುಣಸೆಹಣ್ಣು ಹಚ್ಚಿ ಮೆಲ್ಲಗೆ ಒರೆಸಿ. ಜಾಸ್ತಿ ತಿಕ್ಕಿದರೆ ಅಕ್ಷರದೊಳಗಿನ ಕಪ್ಪು ಬಣ್ಣವೇ ಹೋಗುತ್ತದೆ. ಒಟ್ಟಿನಲ್ಲಿ ಮದುಮಗನ ಹಾಗೆ ಮಿಂಚಿಸಬೇಡಿ. ಹಳೆಯದು ಹಳೆಯದಾಗಿ ಕಂಡರೇ ಚೆಂದ, ಅಲ್ವಾ?

ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂಗೂ ಒಮ್ಮೆ ಹೋಗಿಬನ್ನಿ. ಹಳೇ ಕಬ್ಬಿಣವನ್ನು ಹೇಗೆ ಇಡಬೇಕು ಅನ್ನುವ ಅಂದಾಜು ಸಿಗುತ್ತದೆ.

ಕೊನೆಗೆ ಎರಡು ಹನಿ ಎಣ್ಣೆ ಬಿಡಿ. ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ನಾನು ಬಿಚ್ಚಿಯೇ ಇಟ್ಟಿದ್ದೇನೆ. ಮನೆಗೆ ಬಂದವರು ಹೆಡ್ಡಿನ ಆ ತೂತಿಗೆ ಹೆಬ್ಬೆರಳು ಹಿಡಿಯುತ್ತಾರೆ, ನಾನು ಪುಲ್ಲಿ ತಿರುಗಿಸುತ್ತೇನೆ. ಗಾಳಿ ಪುಸ್ ಅಂತ ಬೆರಳನ್ನು ಎತ್ತುತ್ತದೆ.