ಒಂದು ಇಂಚಿಗೆ ಒಂದು ಅಡಿ: ಯುವ ಕಾರ್ಯಕರ್ತರಿಗೆ ಅಂಗವಿಕಲರ ಹಕ್ಕು ಕಲಿಸುವ ಬಗೆ

ನನ್ನ ಎಡಗಾಲಿಗೆ ಪೋಲಿಯೊ. ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಹಾಕಿಕೊಂಡೇ 12 ವರ್ಷದಿಂದ ಹೊಸದುರ್ಗದ ಸುತ್ತಮುತ್ತ ಯುವಕ ಸಂಘದ ಹುಡುಗರಿಗೆ, ಪಂಚಾಯ್ತಿಗಳ ವಿ.ಆರ್.ಡಬ್ಲ್ಯುಗಳಿಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಎರಡು ದಿನದ ತರಬೇತಿ ಕೊಡುತ್ತಿದ್ದೇನೆ. ನೀವೂ ಇಂಥದ್ದು ನಡೆಸುವವರಾದರೆ ನಾನು ಎಡವಿ ಕಲಿತಿದ್ದು ಉಪಯೋಗಕ್ಕೆ ಬರಬಹುದು.

ಮೊದಲು ಜಾಗ. ನನ್ನ ಮೊದಲ ತರಬೇತಿ ಮಹಡಿ ಮೇಲಿನ ಹಾಲ್‌ನಲ್ಲಿ ನಡೆಯಿತು. ಬಾಡಿಗೆ ಇಲ್ಲ ಅಂತ ಒಪ್ಪಿಕೊಂಡಿದ್ದೆ. ವೀಲ್‌ಚೇರಿನಲ್ಲಿ ಬಂದ ಹುಡುಗಿಯೊಬ್ಬಳನ್ನು ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಿದರೆ ಅವಳ ಲೋಟದ ನೀರು ಹಾಗೇ ಇದೆ. ಬೆಳಗ್ಗೆಯಿಂದ ಒಂದು ಗುಟುಕೂ ಕುಡಿದಿಲ್ಲ. ಶೌಚಾಲಯ ಕೆಳಗಡೆ. "ಮತ್ತೆ ನಾಲ್ಕು ಜನರನ್ನ ಕರೀಬೇಕಲ್ಲ ಸಾರ್" ಅಂದಳು. ಅವತ್ತಿನಿಂದ ನಾನು ಮೊದಲು ನೋಡುವುದು ಶೌಚಾಲಯದ ಬಾಗಿಲು. ವೀಲ್‌ಚೇರ್ ಒಳಗೆ ಹೋಗುತ್ತದಾ, ಹೋದ ಮೇಲೆ ತಿರುಗುತ್ತದಾ? ಪ್ರೊಜೆಕ್ಟರ್ ವಿಚಾರ ಆಮೇಲೆ.

25 ಜನರಲ್ಲಿ ಏಳೆಂಟು ಜನ ಅಂಗವಿಕಲ ಯುವಕ ಯುವತಿಯರೇ ಇರಲಿ. ಅವರಿಲ್ಲದೆ ಅವರ ಬಗ್ಗೆ ಪಾಠ ಮಾಡಬೇಡಿ. ಕಿವಿ ಕೇಳದವರು ಬರುತ್ತಾರಾದರೆ ಸಂಜ್ಞೆ ಭಾಷೆ ಬಲ್ಲವರನ್ನು ಮೊದಲೇ ಗೊತ್ತು ಮಾಡಿ. ನೀವು ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ, ಮುಖ ಕಪ್ಪಗೆ ಕಂಡರೆ ತುಟಿ ಕಾಣುವುದಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿ ಹುಡುಗರನ್ನು ನಡೆಸುವ ಆಟ ಎಲ್ಲ ಕಡೆ ಆಡಿಸುತ್ತಾರೆ. ನಾನು ಬಿಟ್ಟುಬಿಟ್ಟೆ. ಹತ್ತು ನಿಮಿಷದ ಕತ್ತಲೆಯಲ್ಲಿ ಅವರು ಕಲಿಯುವುದು ಭಯ ಒಂದೇ. ಹುಟ್ಟಿದಾಗಿನಿಂದ ಕಣ್ಣು ಕಾಣದವನು ಕೋಲು ಹಿಡಿದು ದಿನಾ ಸಂತೆಗೆ ಹೋಗಿ ಬರುವ ಜಾಣತನ ಅದರಲ್ಲಿ ಎಲ್ಲಿ ಬಂತು? ಬಟ್ಟೆ ಬಿಚ್ಚಿದ ಕೂಡಲೇ ಬರುವ ಮಾತು "ಅಯ್ಯೋ ಪಾಪ". ನಾವು ಬಿಡಿಸಬೇಕಾದದ್ದೇ ಅದನ್ನು.

ಹಾಗಾಗಿ ನಾನು ಬೋರ್ಡಿನ ಮೇಲೆ ದೊಡ್ಡದಾಗಿ "ಪಾಪ" ಅಂತ ಬರೆದು ಶುರು ಮಾಡುತ್ತೇನೆ. ಕೊನೆಯ ಸಲ ಈ ಮಾತನ್ನು ಯಾರಿಗೆ ಅಂದಿರಿ, ಅಂದ ಮೇಲೆ ಏನು ಮಾಡಿದಿರಿ? ಸುಮ್ನೆ ಕೂತವರೇ ಜಾಸ್ತಿ. ಹೆಸರಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. ಇಲಾಖೆ ಕಾಗದದಲ್ಲಿ ವಿಕಲಚೇತನ, ಭಾಷಣದಲ್ಲಿ ವಿಶೇಷಚೇತನ, ಬೀದಿಯಲ್ಲಿ ಕುಂಟ. ನನ್ನ ಮಟ್ಟಿಗೆ ಅಂಗವಿಕಲ ಸಾಕು. ಬೇರೆಯವರಿಗೆ ಅವರವರ ಹೆಸರಿದೆ ಅಲ್ವಾ, ಅದನ್ನೇ ಹಿಡಿದು ಕರೆಯಲಿ.

ಕಾನೂನಿಗೆ ಮುಕ್ಕಾಲು ಗಂಟೆ ಸಾಕು. ಎಷ್ಟು ಬಗೆಯ ಅಂಗವೈಕಲ್ಯ ಗೊತ್ತು ಅಂತ ಕೇಳಿ. ಕಣ್ಣು, ಕಿವಿ, ಕಾಲು, ಬುದ್ಧಿಮಾಂದ್ಯ ಅಂತ ಐದಾರಕ್ಕೆ ನಿಲ್ಲುತ್ತಾರೆ. 1995ರ ಕಾಯ್ದೆಯಲ್ಲಿದ್ದದ್ದು 7. ಈಗ ಇರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21. ಆಸಿಡ್ ದಾಳಿಗೆ ಸಿಕ್ಕವರು, ಪಾರ್ಕಿನ್ಸನ್ ಅನ್ನುವ ನರರೋಗ, ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವವರೂ ಸೇರುತ್ತಾರೆ. ಒಮ್ಮೆ ನಾನು ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗ ಎದ್ದ. "ನಮ್ಮಕ್ಕಂಗೂ ಥಲಸೀಮಿಯಾನೇ ಸಾರ್. ಕಾರ್ಡೇ ಮಾಡಿಸಿಲ್ಲ ನಾವು." ಆಮೇಲಿನ ಅರ್ಧ ಗಂಟೆ ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಮಾತೇ ಆಯಿತು. ಆಗಲಿ ಬಿಡಿ. ಶಾಲೆಯದ್ದನ್ನು ಮಾತ್ರ ಮರೆಯದೆ ಹೇಳಿ: ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳು ಹತ್ತಿರದ ಶಾಲೆಯಲ್ಲೇ ಆಗಲಿ, ಬೇಕಾದರೆ ವಿಶೇಷ ಶಾಲೆಯಲ್ಲೇ ಆಗಲಿ ಉಚಿತವಾಗಿ ಓದಬಹುದು. ಯಾವುದು ಅನ್ನುವುದು ಮಗುವಿನ ಇಷ್ಟ, ಹೆಡ್‌ಮಾಸ್ತರರದ್ದಲ್ಲ.

ಎರಡನೇ ದಿನ ಟೇಪು ಹಿಡಿದು ಹೊರಡಿ. ನನಗೆ ಇಷ್ಟವಾದ ಭಾಗ ಇದು. ಮೂರು ಗುಂಪು ಮಾಡಿ ಶಾಲೆ, ಆಸ್ಪತ್ರೆ, ಪಂಚಾಯ್ತಿಗೆ ಕಳಿಸಿ. ಪ್ರತಿ ಗುಂಪಿಗೂ ಅಂಗವಿಕಲರೇ ಮುಂದಾಳು. ರ‍್ಯಾಂಪಿಗೆ ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು. ಒಂದು ಪಂಚಾಯ್ತಿಯಲ್ಲಿ ಮೂರು ಮೆಟ್ಟಿಲು, ತಲಾ ಆರು ಇಂಚು. ಅಲ್ಲಿಗೆ 18 ಇಂಚು, ಬೇಕಿದ್ದ ರ‍್ಯಾಂಪು 18 ಅಡಿ. ಇದ್ದದ್ದು 5 ಅಡಿ! ಅದರ ಮೇಲೂ ಎರಡು ಬೈಕು ನಿಂತಿದ್ದವು. ಹುಡುಗರು 18 ಅಡಿ ಹಗ್ಗ ಅಳೆದು, ಬಾಗಿಲಿಂದ ಅಂಗಳಕ್ಕೆ ಎಳೆದರು. ಹಗ್ಗ ಬೇವಿನ ಮರದ ಬುಡದ ತನಕ ಹೋಯಿತು. ಅದನ್ನು ನೋಡಿದ ಮೇಲೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ವಾಪಸ್ ಬಂದ ಮೇಲೆ ಅರ್ಜಿ ಬರೆಸಿ. "ದಯಮಾಡಿ ಕರುಣೆ ತೋರಿ" ಅಂತ ಬರೆದರೆ ಹೊಡೆದುಹಾಕಿ. ಎತ್ತರ, ಉದ್ದ, ಅಳೆದ ದಿನಾಂಕ, ಕಾಯ್ದೆಯ ಹೆಸರು, ಯಾವಾಗ ಸರಿ ಮಾಡುತ್ತೀರಿ ಅನ್ನುವ ಪ್ರಶ್ನೆ, ಇಷ್ಟಿರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬರಬೇಕು. ಬಾಯಿ ಮಾತಲ್ಲಿ "ನೋಡೋಣ" ಅಂದರೆ ಅದು ಉತ್ತರವಲ್ಲ. ಪಂಚಾಯ್ತಿಯಲ್ಲಿ ಅಂಗವಿಕಲರಿಗೆಂದು ಮೀಸಲಿಡುವ ಶೇಕಡಾ 5ರ ಹಣ ಎಲ್ಲಿ ಖರ್ಚಾಯಿತು ಅಂತಲೂ ಗ್ರಾಮ ಸಭೆಯಲ್ಲಿ ಕೇಳಿಸಿ. ಅಲ್ಲೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ತರಬೇತಿ ಮುಗಿದು ಒಂದು ತಿಂಗಳಿಗೆ ಎಲ್ಲರಿಗೂ ಫೋನ್ ಮಾಡಿ. ಸೀಲು ಬಿದ್ದ ಪ್ರತಿಯ ಫೋಟೊ ಕೇಳಿ. ಆ ಪಂಚಾಯ್ತಿಯ ರ‍್ಯಾಂಪು ಇನ್ನೂ 5 ಅಡಿಯೇ ಇದೆ. ಬೈಕು ಮಾತ್ರ ಈಗ ಅಲ್ಲಿ ನಿಲ್ಲಿಸುವುದಿಲ್ಲ. ಹುಡುಗರು ಎರಡನೇ ಅರ್ಜಿ ಬರೆಯುತ್ತಿದ್ದಾರೆ.